ಲೈಸೆನ್ಸಿನ ಹಿಂದಿದ್ದ ಕಾರ್ಡು

ಕುವೈತಿನ ಅರ್ದಿಯಾದಲ್ಲಿರುವ ನಮ್ಮ ಗೋದಾಮಿಗೆ ಒಬ್ಬ ಅಮೆರಿಕನ್ ಬಂದು ಹೋಗುತ್ತಿದ್ದ. ಒಂದು ದಿನ ಗೇಟಿನಲ್ಲಿ ಗುರುತಿನ ಚೀಟಿ ಕೇಳಿದಾಗ ತನ್ನ ಊರಿನ ಡ್ರೈವಿಂಗ್ ಲೈಸೆನ್ಸ್ ತೆಗೆದು ತೋರಿಸಿದ. ಅದರ ಮೂಲೆಯಲ್ಲಿ ‘ವೆಟರನ್’ ಎಂದು ಅಚ್ಚಾಗಿತ್ತು. ಅವನೂ ಒಂದು ಕಾಲದಲ್ಲಿ ಸೈನ್ಯದಲ್ಲಿದ್ದವನಂತೆ. ಅವರ ಕಡೆ ಕೇಳಿದರೆ ಲೈಸೆನ್ಸಿನಲ್ಲೇ ಹಾಗೆ ಹಾಕಿಕೊಡುತ್ತಾರಂತೆ.

ನಾನೂ ಮಾಜಿ ಸೈನಿಕ. ಹವಾಲ್ದಾರನಾಗಿ ನಿವೃತ್ತನಾದ ಮೇಲೆ, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿಯ ಬಳಿಗೆ ಬಂದು, ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಸೇರಿಕೊಂಡಿದ್ದೆ. ಅವತ್ತು ಮನೆಗೆ ಬಂದವನೇ ಪೆಟ್ಟಿಗೆಯ ತಳದಲ್ಲಿದ್ದ ನನ್ನ ಮಾಜಿ ಸೈನಿಕರ ಕಾರ್ಡು ಹುಡುಕಿ ತೆಗೆದೆ. ಅದನ್ನು ಕುವೈತ್ ಲೈಸೆನ್ಸಿನ ಬೆನ್ನಿಗೆ ಹೊಂದಿಸಿ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟೆ.

“ಇಲ್ಲಿ ಅದನ್ನ ಯಾರಿಗೆ ತೋರಿಸ್ತೀರಿ?” ಅಂತ ಹೆಂಡತಿ ಕೇಳಿದಳು.

“ಯಾರಿಗೂ ಇಲ್ಲ. ಇರಲಿ ಅಂತ.”

ಅದು ಪೂರ್ತಿ ನಿಜವಲ್ಲ. ಯಾರಾದರೂ ನೋಡಲಿ ಎಂಬ ಆಸೆ ಇತ್ತು. ಈ ಊರಿನಲ್ಲಿ ನಾನು ‘ಗೋದಾಮಿನ ಹಿಂದಿ’, ಅಂದರೆ ಗೋದಾಮಿನ ಇಂಡಿಯಾದವನು, ಅಷ್ಟೇ ಆಗಿದ್ದೆ.

ಕೆಲವು ವಾರಗಳ ನಂತರ ಶುವೈಖ್‌ನ ಗ್ಯಾರೇಜೊಂದಕ್ಕೆ ಕಂಪನಿಯ ಪಿಕಪ್ ತೆಗೆದುಕೊಂಡು ಹೋಗಿದ್ದೆ. ಇಕ್ಕಟ್ಟಾದ ಜಾಗ. ರಿವರ್ಸ್ ತೆಗೆಯುವಾಗ ಹಿಂದೆ ನಿಂತಿದ್ದ ಬಿಳಿ ಕಾರಿನ ಬಾಗಿಲಿಗೆ ತಾಗಿಸಿದೆ. ತಗಡು ಒಳಕ್ಕೆ ಹೋಗುವ ಸದ್ದು ಬೆನ್ನುಹುರಿಯಲ್ಲೇ ಕೇಳಿಸಿತು. ಕಾರಿನ ಯಜಮಾನ, ಉದ್ದ ನಿಲುವಂಗಿಯ ವಯಸ್ಸಾದ ಕುವೈತಿ, ಸಿಟ್ಟಿನಿಂದ ಇಳಿದು ಬಂದು ಕೈ ಚಾಚಿದರು. ಲೈಸೆನ್ಸ್ ಕೊಟ್ಟೆ. ಕವರ್ ತಿರುಗಿಸಿದಾಗ ಹಿಂದಿನ ಕಾರ್ಡು ಅವರ ಕಣ್ಣಿಗೆ ಬಿತ್ತು. ಸಿಂಹಗಳ ಲಾಂಛನವನ್ನೂ ಇಂಗ್ಲಿಷಿನಲ್ಲಿದ್ದ ಅಕ್ಷರಗಳನ್ನೂ ಹತ್ತಿರ ಹಿಡಿದು ಓದಿದರು.

“ಜೈಶ್?” ಅಂದರು. ಸೈನ್ಯವಾ, ಅಂತ.

ಹೌದೆಂದು ತಲೆಯಾಡಿಸಿದೆ.

ಅಷ್ಟರಲ್ಲಿ ಗ್ಯಾರೇಜಿನ ಫೋರ್‌ಮನ್ ಬಂದ. ಹೈದರಾಬಾದಿನವನು, ನನಗೆ ಬೇಕಾದವನು, ಅರಬ್ಬಿ ನೀರು ಕುಡಿದ ಹಾಗೆ ಮಾತಾಡುವವನು. ನನ್ನನ್ನು ಪೊಲೀಸ್ ಠಾಣೆ ಅಲೆದಾಟದಿಂದ ಪಾರು ಮಾಡಬೇಕೆಂದು ಅವನಿಗೆ. ಎದೆ ಮುಟ್ಟಿಕೊಂಡು, ನನ್ನ ಕಡೆ ಕೈ ತೋರಿಸಿ, ಏನೇನೋ ಹೇಳಿದ. ನನಗೆ ಎರಡೇ ಮಾತು ತಿಳಿದವು. ಒಂದು ‘ಹರ್ಬ್’, ಅಂದರೆ ಯುದ್ಧ. ಇನ್ನೊಂದು ‘ಕಾರ್ಗಿಲ್’.

ಆ ಯುದ್ಧ ನಡೆದಾಗ ನಾನು ಜಬಲ್‌ಪುರದ ರೇಷನ್ ಡಿಪೋದಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಅಕ್ಕಿ, ಬೇಳೆ, ಗೋಧಿ ಹಿಟ್ಟಿನ ಮೂಟೆಗಳನ್ನು ಲಾರಿಗೆ ಹೇರಿಸುತ್ತಿದ್ದೆ. ಇಡೀ ಸರ್ವೀಸಿನಲ್ಲಿ ಶತ್ರುವಿನ ಮುಖವನ್ನೇ ಕಂಡವನಲ್ಲ ನಾನು.

ಮುದುಕರ ಮುಖದ ಸಿಟ್ಟು ಇಳಿದುಹೋಯಿತು. ಅಂಗಿಯ ತೋಳು ಮೇಲೆತ್ತಿ ಮಣಿಕಟ್ಟು ತೋರಿಸಿದರು. ಬಳೆಯಂತೆ ಸುತ್ತಿದ ಹಳೆಯ ಗಾಯದ ಗುರುತು. “ಇರಾಕಿನವರು ನುಗ್ಗಿದಾಗ ಇವರು ಫೌಜಿನಲ್ಲಿದ್ದರು ಸಾಬ್,” ಅಂತ ಫೋರ್‌ಮನ್ ಹಿಂದಿಯಲ್ಲಿ ಹೇಳಿದ. “ಸೆರೆ ಹಿಡಿದು ತಂತಿಯಿಂದ ಕೈ ಕಟ್ಟಿ ಆ ಕಡೆಗೆ ಒಯ್ದಿದ್ದರಂತೆ.” ಮುದುಕರು ನನ್ನನ್ನು ಅಪ್ಪಿಕೊಂಡು ಭುಜಕ್ಕೆ ಮುತ್ತಿಟ್ಟರು. “ಅಖೂಯ್,” ಅಂದರು. ನನ್ನ ತಮ್ಮ, ಅಂತ.

‘ಲಾ’ ಅಂದಿದ್ದರೆ ಸಾಕಿತ್ತು. ಇಲ್ಲ ಎನ್ನುವ ಆ ಒಂದಕ್ಷರ ಕುವೈತಿಗೆ ಬಂದ ದಿನವೇ ಕಲಿತಿದ್ದೆ. ನಾನು ಅನ್ನಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನಿಂತೆ, ಪೆರೇಡಿನಲ್ಲಿ ನಿಂತ ಹಾಗೆ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಆ ಗಳಿಗೆಯಲ್ಲಿ ನನಗೆ ಸುಖವಾಗಿತ್ತು.

ಕಾರಿನ ವಿಷಯ ಅವರು ಎತ್ತಲೇ ಇಲ್ಲ. ಶುಕ್ರವಾರ ಸಂಜೆ ತಮ್ಮ ಮನೆಯ ದಿವಾನಿಯಾಗೆ, ಗಂಡಸರು ಕೂತು ಹರಟುವ ಪಡಸಾಲೆಗೆ, ಬರಲೇಬೇಕೆಂದು ಹೇಳಿ ಹೋದರು.

ಮನೆಯಲ್ಲಿ ಊಟಕ್ಕೆ ಕೂತಾಗ ನಡೆದದ್ದನ್ನು ಹೇಳಿದೆ. ಫೋರ್‌ಮನ್‌ನ ಮೇಲೇ ತಪ್ಪು ಹೊರಿಸಿ, ನಗೆಚಾಟಿಕೆಯಂತೆ ಹೇಳಿದೆ. ಹೆಂಡತಿ ನಗಲಿಲ್ಲ. ಕಾಲೇಜಿಗೆ ಹೋಗುವ ಮಗಳು ತಟ್ಟೆಯಿಂದ ತಲೆ ಎತ್ತಿ, “ಬಟ್ ಪಪ್ಪಾ, ಯೂ ಡಿಡಂಟ್ ಸೇ ಎನಿಥಿಂಗ್,” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

“ಹೋಗಿ ಹೇಳ್ಬಿಡ್ರೀ,” ಅಂದಳು ಹೆಂಡತಿ. “ಫೋನಲ್ಲಿ ಬೇಡ. ಮುಖ ನೋಡಿ ಹೇಳಿ.”

ಶುಕ್ರವಾರ ಒಬ್ಬನೇ ಹೋದೆ. ಗೋಡೆಗುಂಟ ಮೆತ್ತನೆಯ ದಿಂಡುಗಳು, ಏಲಕ್ಕಿ ಹಾಕಿದ ಕಾಫಿಯ ಘಮ. ಐದಾರು ಮಂದಿ ಮುದುಕರು ಎದ್ದು ನಿಂತು ಕೈ ಕುಲುಕಿದರು. ಎಲ್ಲರೂ ಮನೆಯ ಯಜಮಾನರ ಜೊತೆ ಸೈನ್ಯದಲ್ಲಿದ್ದವರು. ಒಬ್ಬರ ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಬಿಟ್ಟರೆ ಬೇರೆ ಬೆರಳಿರಲಿಲ್ಲ. ನನ್ನನ್ನು ಯಜಮಾನರ ಪಕ್ಕದಲ್ಲೇ ಕೂರಿಸಿದರು. ಎದುರಿಗಿದ್ದವರು ಫೋನಿನಲ್ಲಿ ಹಿಮದ ಬೆಟ್ಟಗಳ ಚಿತ್ರ ತೆಗೆದು ನನ್ನ ಮುಂದೆ ಹಿಡಿದರು. “ಎಲ್ಲಿದ್ದೆ, ತೋರಿಸು,” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ಬೆರಳು ಗಾಳಿಯಲ್ಲೇ ನಿಂತಿತು. ಫೋನನ್ನು ಮೆಲ್ಲಗೆ ವಾಪಸ್ ಕೊಟ್ಟೆ.

“ನಾನು ಅಲ್ಲಿರಲಿಲ್ಲ,” ಅಂದೆ. ಅರ್ಧ ಇಂಗ್ಲಿಷ್, ಅರ್ಧ ಮುರುಕು ಅರಬ್ಬಿ. “ನಾನು ಯುದ್ಧ ಮಾಡಿಲ್ಲ. ಗ್ಯಾರೇಜಿನವನು ಹೇಳಿದ್ದು ಸುಳ್ಳು. ನನಗೆ ಗೊತ್ತಿದ್ದೂ ಸುಮ್ಮನಿದ್ದೆ. ನಾನು ಉಗ್ರಾಣದವನು. ಅಕ್ಕಿ ಕಳಿಸುತ್ತಿದ್ದೆ, ಹಿಟ್ಟು ಕಳಿಸುತ್ತಿದ್ದೆ.” ಅಕ್ಕಿಗೆ ಇಲ್ಲಿಯವರು ಹೇಳುವ ‘ಐಶ್’ ಎಂಬ ಮಾತನ್ನೇ ಬಳಸಿದೆ. “ನಿಮ್ಮ ಕಾರಿಗೆ ಗುದ್ದಿದ್ದು ನನ್ನ ತಪ್ಪು. ನಾಳೆ ಠಾಣೆಗೆ ಬರುತ್ತೇನೆ.”

ಯಜಮಾನರು ಕಾಫಿ ಬಟ್ಟಲನ್ನು ಕೆಳಗಿಟ್ಟರು. ತೋಳು ಕೆಳಗೆಳೆದು ಮಣಿಕಟ್ಟನ್ನು ಮುಚ್ಚಿಕೊಂಡರು. ಬೇಕೆಂದೇ ಹಾಗೆ ಮಾಡಿದರೋ ಇಲ್ಲವೋ, ನನ್ನ ಕಣ್ಣು ಮಾತ್ರ ಅಲ್ಲೇ ನೆಟ್ಟಿತ್ತು.

“ಐಬ್,” ಅಂದರು.

ಯಾರೂ ಅನುವಾದಿಸಬೇಕಾಗಿರಲಿಲ್ಲ. ನಮ್ಮೂರ ಸಂತೆಯಲ್ಲಿ ಎತ್ತಿನ ಸುಳಿ ನೋಡಿ ‘ಐಬು’ ಅನ್ನುತ್ತಾರಲ್ಲ, ಅದೇ ಮಾತು. ಇವರಲ್ಲಿ ಅದು ನಾಚಿಕೆಗೇಡಿಗೂ ಸಲ್ಲುತ್ತದೆ.

ಬೆರಳಿಲ್ಲದ ಹಿರಿಯರು ಮಾತು ಬದಲಿಸಲು ನೋಡಿದರು. ಅಕ್ಕಿ ಕೆಡದಂತೆ ಹೇಗೆ ಇಡುತ್ತಿದ್ದಿರಿ ಎಂದು ಕೇಳಿದರು. ನಾನೇನೋ ತೊದಲಿದೆ. ಇಬ್ಬರು ಮರ್ಯಾದೆಗೆಂದು ನಕ್ಕರು. ಯಜಮಾನರು ನಗಲಿಲ್ಲ. ನಾನು ಎದ್ದಾಗ ಪದ್ಧತಿಯಂತೆ ಬಾಗಿಲವರೆಗೂ ಬಂದರು. ಠಾಣೆಯ ಮಾತು ಎತ್ತಿದರೆ “ಖಲಾಸ್” ಅಂದು ಕೈ ಬೀಸಿದರು. ಅಪ್ಪಿಕೊಳ್ಳಲಿಲ್ಲ, ಕೈ ಕುಲುಕಿದರು ಅಷ್ಟೇ.

ಫೋರ್‌ಮನ್‌ಗೆ ಈ ಸುದ್ದಿ ಬೇಗನೇ ಮುಟ್ಟಿತು. “ನಿಮ್ಮನ್ನ ಉಳಿಸೋಕೆ ಹೋಗಿ ನಾನು ಸುಳ್ಳುಗಾರ ಆದೆ,” ಅಂದ. ಮೊದಲು ನಾನು ಹೋದ ತಕ್ಷಣ ಚಹಾ ತರಿಸುತ್ತಿದ್ದವನು ಈಗ ಗಾಡಿಯ ಕೀ ಇಸಿದುಕೊಂಡು ಒಳಗೆ ಹೋಗುತ್ತಾನೆ. ಅವನು ಹೇಳಿದ್ದರಲ್ಲಿ ಅನ್ಯಾಯವೇನೂ ಇಲ್ಲ. ಮರ್ಯಾದೆ ಹೋದದ್ದು ಇಬ್ಬರದ್ದೂ, ಆದರೆ ನಿಜ ಹೇಳಲು ನಿರ್ಧರಿಸಿದ್ದು ನಾನೊಬ್ಬನೇ.

ಹೋದ ತಿಂಗಳು ಆ ಮುದುಕರು ಅದೇ ಗ್ಯಾರೇಜಿನಲ್ಲಿ ಸಿಕ್ಕರು. ಮೆಕ್ಯಾನಿಕ್‌ಗಳೆಲ್ಲ ಅಲ್ಲೇ ಇದ್ದರು. ನನ್ನನ್ನು ಕಂಡು ಒಂದು ಗಳಿಗೆ ನಿಂತು, “ಅಬು ಐಶ್!” ಎಂದು ಕರೆದರು. ಅಕ್ಕಿಯಪ್ಪ, ಅಂತ. ಎಲ್ಲರೂ ನಕ್ಕರು. ಅವರ ಗಡ್ಡದಡಿಯೂ ಏನೋ ಅಲುಗಿತು. ಅದು ಹಂಗಿಸಿದ್ದೋ, ಕ್ಷಮಿಸಿದ್ದೋ ನನಗೆ ತಿಳಿಯಲಿಲ್ಲ. ಕಿವಿ ಬಿಸಿಯಾಯಿತು. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, “ಹೌದು, ನಾನೇ,” ಅಂದೆ.