ಉಲ್ಲನ್ ಎಳೆಗಳೂ ನನ್ನ ಹೆಂಡತಿಯ ಹುಬ್ಬೂ

ಕಳೆದ ಭಾನುವಾರ ನನ್ನ ಮಗಳು ಹೆತ್ತ ತಾಯಿಯನ್ನೇ ನಡುಮನೆಯಿಂದ ಆಚೆ ಕಳಿಸಿ ಬಾಗಿಲು ಹಾಕಿಕೊಂಡಳು. ಯಾಕೆ ಅಂತೀರಾ? ಹುಬ್ಬು ಏರಿಸಿದ ತಪ್ಪಿಗೆ!

ವಿಷಯ ಇಷ್ಟು. ನಮ್ಮ ಮಗ ಮುನಿರಾಜನಿಗೆ ಚಿಕ್ಕಂದಿನಿಂದಲೂ ರೈಲು ಎಂಜಿನ್ನಿನ ಹುಚ್ಚು. ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಎಲ್ಲದರಲ್ಲೂ ಪಾಸು, ಬಣ್ಣದ ಪರೀಕ್ಷೆಯಲ್ಲಿ ಮಾತ್ರ ಫೇಲು. ಉಲ್ಲನ್ ಎಳೆಗಳ ರಾಶಿಯಿಂದ, ತೋರಿಸಿದ ಬಣ್ಣಕ್ಕೆ ಹೊಂದುವುದನ್ನು ಆರಿಸಿಡಬೇಕು, ಅಷ್ಟೇ. ಇವನು ಹಸಿರಿನ ಜೊತೆ ಕೆಂಪು, ಕಂದು ಎಲ್ಲ ಇಟ್ಟು ಬಂದಿದ್ದ. ಅವತ್ತಿನಿಂದ ಹುಡುಗ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಹೆಚ್ಚು, ತಾನಾಗಿ ಮಾತೇ ಆಡುತ್ತಿರಲಿಲ್ಲ. ನನಗೋ ಪರೀಕ್ಷೆ ಮಾಡಿದ ರೈಲ್ವೆ ಡಾಕ್ಟರ ಮೇಲೆ ಎಲ್ಲಿಲ್ಲದ ಕೋಪ.

ಮಗಳು ಸರೋಜ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದುತ್ತಾಳೆ. (ಅದಕ್ಕೂ ಲ್ಯಾಬೊರೇಟರಿ ಇದೆಯಂತೆ. ಮನಸ್ಸನ್ನು ಯಾವ ಸೀಸೆಯಲ್ಲಿ ಇಡುತ್ತಾರೋ!) ರಜಕ್ಕೆ ಬಂದವಳು ಅಣ್ಣನನ್ನು ಕೇಳಿದ್ದು ಒಂದೇ: ಪರೀಕ್ಷೆ ಯಾವ ಬೆಳಕಿನಲ್ಲಿ ನಡೆಯಿತು? ಸಂಜೆ ಹೊತ್ತು, ಯುದ್ಧಕಾಲದಲ್ಲಿ ಕಿಟಕಿಗೆ ಅಂಟಿಸಿದ ಕಪ್ಪು ಕಾಗದ ಇನ್ನೂ ಕಿತ್ತಿರದ ಕೋಣೆಯಲ್ಲಿ, ಹಳದಿ ಬಲ್ಬಿನ ಕೆಳಗೆ ಅಂದ. ಹಾಗಾದರೆ ಅದು ಪರೀಕ್ಷೆಯೇ ಅಲ್ಲ ಅಂದಳು. ಮನೆಯಲ್ಲೇ ಸರಿಯಾಗಿ ಮಾಡಿ ನೋಡಿ, ಆಮೇಲೆ ಅಪೀಲು ಹಾಕೋಣ ಅಂದಳು. ನನ್ನ ಹೆಂಡತಿ ಆಗಲೇ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಆ ಹುಡುಗಿಯ ಹಟ ನೋಡಬೇಕಿತ್ತು. ರಸೆಲ್ ಮಾರುಕಟ್ಟೆ ಹತ್ತಿರದ ಅಂಗಡಿಯಿಂದ ಒಂದೇ ದಪ್ಪದ, ಒಂದೇ ನಯದ ಉಲ್ಲನ್ ಆರಿಸಿ ತಂದಳು. ಬೆರಳಿನಿಂದ ಸವರಿ ಗುರುತು ಹಿಡಿಯಬಾರದಂತೆ. ಬೆಳಗಿನ ಹೊತ್ತು, ನಮ್ಮ ಹಲಸೂರಿನ ಮನೆಯ ಉತ್ತರದ ಕಿಟಕಿ, ಮೇಜಿನ ಮೇಲೆ ಬೂದು ಬಟ್ಟೆ. ಕಣ್ಣಿಗೆ ಅಡ್ಡ ಬರುತ್ತದೆ ಅಂತ ನನ್ನ ಕೆಂಪು ಶಾಲು ಕೂಡ ತೆಗೆಸಿದಳು. ಯಾರೂ ಪಿಟಕ್ ಅನ್ನುವ ಹಾಗಿಲ್ಲ.

ಮುನಿರಾಜ ಆರಿಸಿದ. ಒಂದೂ ತಪ್ಪಿಲ್ಲ! ನಾನು ಅಪೀಲಿನ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆದುಬಿಟ್ಟೆ.

ಸರೋಜ ಮಾತ್ರ ನಗಲಿಲ್ಲ. ಅವಳು ಅಷ್ಟು ಹೊತ್ತೂ ಅಣ್ಣನ ಕಣ್ಣನ್ನೇ ಗಮನಿಸುತ್ತಿದ್ದಳು. ಪ್ರತಿ ಎಳೆ ಎತ್ತುವಾಗಲೂ ಅದು ಎದುರಿಗೆ ಕೂತ ಅಮ್ಮನ ಕಡೆ ಹೋಗುತ್ತಿತ್ತು. ಎಳೆ ತಪ್ಪಾದರೆ ಅಮ್ಮನ ಹುಬ್ಬು ಮೇಲೇರುತ್ತಿತ್ತು, ಇವನ ಕೈ ಬೇರೆ ಎಳೆಗೆ ಹೋಗುತ್ತಿತ್ತು. ಅದು ಅವಳಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಮೊದಲಿಂದಲೂ ಮಾವಿನಹಣ್ಣು, ಟೊಮೇಟೊ, ಅಂಗಿ, ಎಲ್ಲ ಅವನು ಅಮ್ಮನ ಮುಖ ನೋಡಿಯೇ ಆರಿಸುತ್ತಿದ್ದ. ನಾವು ಅದನ್ನು ಮುದ್ದು ಅಂದುಕೊಂಡಿದ್ದೆವು. (ನಾವೆಲ್ಲ ಯಾರ್ಯಾರ ಮುಖ ನೋಡಿಕೊಂಡು ಪಾಸಾದೆವೋ, ಯಾರು ಕಂಡರು?)

"ಅಮ್ಮ, ನೀನು ಆಚೆ ಹೋಗ್ಬೇಕು. ಇನ್ನೊಂದ್ಸಲ ಮಾಡ್ತೀನಿ," ಅಂದಳು ಸರೋಜ.

ನನಗೆ ರೇಗಿತು. ಗೆದ್ದದ್ದನ್ನು ಯಾರಾದರೂ ಕೈಯಾರೆ ಕೆಡಿಸಿಕೊಳ್ಳುತ್ತಾರಾ? ಅವರ ಬೆಳಕು ಸರಿಯಿಲ್ಲ ಅಂತ ದೂರಿ, ಇಲ್ಲಿ ಅಮ್ಮನ ಮುಖ ಇಟ್ಟುಕೊಂಡರೆ ನಮ್ಮದೂ ಮೋಸವೇ ಅಪ್ಪ, ಅಂದಳು. ಬಾಗಿಲು ಹಾಕಿಯೇಬಿಟ್ಟಳು.

ಈ ಸಲ ಹಸಿರಿನ ಪಕ್ಕಕ್ಕೆ ಕಂದು ಬಂತು. ಆಮೇಲೆ ಕೆಂಪು. ಸರೋಜಳ ಕಣ್ಣು ತುಂಬಿತು, ಆದರೂ ಮುಖ ಕಿಟಕಿ ಕಡೆ ತಿರುಗಿಸಿ ಕೊನೆಯ ಎಳೆಯವರೆಗೂ ಪರೀಕ್ಷೆ ನಡೆಸಿದಳು.

ಆದರೂ ನಾನು ಬಿಡುವ ಆಸಾಮಿಯೇ? ಅಲ್ಲಿನ ಬೆಳಕು ಕೆಟ್ಟದ್ದಾಗಿದ್ದು ನಿಜ ತಾನೇ, ಅಪೀಲು ಹಾಕೇಬಿಡೋಣ ಅಂದೆ.

ಮುನಿರಾಜ ಎಳೆಗಳನ್ನೆಲ್ಲ ಮತ್ತೆ ರಾಶಿಗೆ ಸೇರಿಸಿದ. ಎಷ್ಟೋ ದಿನದ ಮೇಲೆ ತಾನಾಗಿ ಬಾಯಿ ಬಿಟ್ಟ.

"ಸಿಗ್ನಲ್ ಕಂಬದ ಹತ್ರ ಅಮ್ಮನ್ನ ನಿಲ್ಸೋಕಾಗುತ್ತಾ, ಅಪ್ಪ?"