ಕಷಾಯದ ಕಲೆಯ ಕಾಗದ

ಹೆಂಡತಿ ತೀರಿಕೊಂಡು ತಿಂಗಳಾಯಿತು. ಮನೆ ಅವಳ ಹೆಸರಿಗಿತ್ತು. ಅವಳ ತಂದೆ ಮಾಡಿಸಿಕೊಟ್ಟಿದ್ದ ಹಳೆಯ ಉರ್ದು ಕಾಗದ ಹುಡುಕಲೆಂದು ಟ್ರಂಕು ತೆರೆದರೆ, ಮೇಲಿದ್ದ ಇನ್ನೊಂದು ಹಾಳೆಯಿಂದ ಬಡೇಸೋಪು, ಜ್ಯೇಷ್ಠಮಧುವಿನ ವಾಸನೆ ಬಂತು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುವುದಿಲ್ಲ, ಆದರೆ ಮೂಗಿಗೆ ಪೊರೆ ಬರುವುದಿಲ್ಲವಲ್ಲ... ಅದು ಹಿಂದೆ ನಾನಿದ್ದ ಬಾಡಿಗೆ ಮನೆಯ ಒಡತಿ ಆಯಿ ಕೊಟ್ಟ ಹಾಳೆ.

ಆಗ ನಿಜಾಮರ ರಾಜ್ಯ. ಕಲಬುರಗಿಯ ಶಹಾಬಜಾರದಲ್ಲಿ ಆಯಿಯ ಮನೆಯ ಹೊರಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಚಿಕ್ಕ ಮಕ್ಕಳಿಗೆ ಉರ್ದುವಿನ ಅಲಿಫ್ ಬೇ ತಿದ್ದಿಸುವ ಮಾಸ್ತರ. ಅಚ್ಚಿನ ಉರ್ದು ಓದುತ್ತಿದ್ದೆ, ಕೈಬರಹ ಕಂಡರೆ ಬೆವರುತ್ತಿದ್ದೆ. ಓಣಿಯಲ್ಲಿ ಮಾತ್ರ ನನ್ನ ಜಂಬಕ್ಕೇನೂ ಕಡಿಮೆಯಿರಲಿಲ್ಲ.

ಆಯಿಯ ಗಂಡ ಆರು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡಿದ್ದರು. ಮಕ್ಕಳಿಲ್ಲ. ಅಣ್ಣ ಬದುಕಿದ್ದಾಗ ಒಂದು ಹಣ್ಣೂ ತಾರದ ಕಮಲಾಪುರದ ಮೈದುನ ಈಗ ವಾರವಾರ ಕೆಂಪು ಬಾಳೆಹಣ್ಣು ಹಿಡಿದು ಬರತೊಡಗಿದ. ಮನೆ ತನ್ನ ಹೆಸರಿಗಾಗಲಿ, ಅತ್ತಿಗೆ ತಮ್ಮಲ್ಲೇ ಬಂದಿರಲಿ ಎಂಬುದು ಅವನ ಮಾತು. ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲಿ. ಆಯಿಗೆ ಕನ್ನಡವೂ ಓದಲು ಬಾರದು. ಮನೆ ಕೈತಪ್ಪಿದರೆ ಮೈದುನನ ಅಡುಗೆಮನೆಯ ಮೂಲೆಯೇ ಗತಿಯೆಂದು ಆಕೆಗೆ ಗೊತ್ತಿತ್ತು. ಹಾಗಾಗಿ ಯಾರನ್ನೂ ನಂಬುತ್ತಿರಲಿಲ್ಲ. ಬಾಳೆಹಣ್ಣನ್ನು ಕೂಡ ಮೊದಲು ಆಡಿಗೆ ತಿನ್ನಿಸಿ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಒಂದು ಹಾಳೆ ತಂದು ನನ್ನ ಕೈಗಿಟ್ಟಳು. ಮೂಲೆಯಲ್ಲಿ ಕಂದು ಕಲೆ.

“ಮಾಸ್ತರ, ಇದು ಮನಿ ಕಾಗದ ಹೌದೇನ್ ನೋಡ್ರಿ.”

ಒಂದಕ್ಕೊಂದು ತೊಡರಿಕೊಂಡ ಅಕ್ಷರಗಳು. ಮೇಲಿದ್ದ ಗಂಡನ ಹೆಸರಷ್ಟೇ ಗುರುತು ಹತ್ತಿತು. ಓದಲು ಬರುವುದಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ.

“ಹೌದ್ರಿ ಆಯಿ, ಮನಿ ಕಾಗದನೇ ಅದ.”

ಆಕೆ ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನದಿಂದ ನನ್ನ ಕೋಣೆಗೆ ಬರುತ್ತಿದ್ದ ಮಜ್ಜಿಗೆ ನಿಂತಿತು. ಸಂಶಯದ ಪಿಶಾಚಿ ಎಂದು ಆಕೆಯನ್ನೇ ಬೈದುಕೊಂಡೆ.

ಆ ವಾರ ಮೈದುನ ಬಂದಾಗ ಅದೇ ಹಾಳೆ ಅವನ ಕೈಗೂ ಹೋಯಿತು. ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಓದಿದ: “ವೈನಿ, ಅಣ್ಣ ಸಾಫ್ ಬರಸ್ಯಾನ ನೋಡ್ರಿ. ತನ್ನ ಹಿಂದ ಮನಿ ತಮ್ಮಗ ಅಂತ.”

ಆಯಿ ಪಕ್ಕದ ಮನೆಯ ಉಸ್ತಾನಿಯನ್ನು ಕರೆದಳು. ಹುಡುಗಿಯರಿಗೆ ಓದು ಕಲಿಸುತ್ತಿದ್ದ ಮುದುಕಿ ಅವಳು. ಪರದೆಯ ಹಿಂದಿನಿಂದಲೇ ಹೇಳಿದಳು: “ಮೊನ್ನೇನೇ ಹೇಳಿದ್ನಲ್ಲ ಅಕ್ಕಾ, ಇದು ಹಕೀಮ ಸಾಬರ ಔಷಧದ ಚೀಟಿ.”

ಆರು ತಿಂಗಳು ಆ ಚೀಟಿ ಹಿಡಿದು ಅಂಗಡಿಗೆ ಅಲೆದವಳು ಆಯಿಯೇ. ಆ ಕಲೆ ಆಕೆ ಕುದಿಸಿದ ಕಷಾಯದ್ದು.

“ಕಷಾಯ ನಿನಗ ಮನಿ ಬರದು ಕೊಟ್ಟದೇನಪ್ಪ?” ಎಂದಳು. ಮೈದುನ ಚಪ್ಪಲಿ ಮೆಟ್ಟಿ ಹೊರಟ. ಆಕೆ ನನ್ನತ್ತ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಿಜವಾದ ಕಾಗದವನ್ನು ಉಸ್ತಾನಿಯಿಂದ ಓದಿಸಿಕೊಂಡು, ಇಬ್ಬರೂ ಟಾಂಗಾದಲ್ಲಿ ಕಚೇರಿಗೆ ಹೋಗಿ ಮನೆಯನ್ನು ಆಯಿಯ ಹೆಸರಿಗೆ ಬರೆಸಿಕೊಂಡು ಬಂದರು. ಆಯಿ ಮುಂದೆ ಅದನ್ನು ಉಸ್ತಾನಿಯ ಮೊಮ್ಮಗಳಿಗೆ ಬರೆದಳೆಂದು ಕೇಳಿದೆ. ನನಗೆ ವರ್ಗವಾಗಿ ಕೋಣೆ ಬಿಡುವ ದಿನ ಆಯಿ ಆ ಚೀಟಿಯನ್ನು ನನ್ನ ಕೈಗೆ ಕೊಟ್ಟಳು.

“ಇಟ್ಕೋರಿ ಮಾಸ್ತರ. ನಿಮಗೂ ಬೇಕಾಗ್ತದ.”

ತಪ್ಪಾಯಿತೆನ್ನಲು ಬಾಯಿ ತೆರೆದೆ... ಟಾಂಗಾದವನು ಅವಸರ ಮಾಡಿದ.

ನಿನ್ನೆ ತಮ್ಮನ ಮಗ ಬಂದಿದ್ದ. ತನಗೆ ಉರ್ದು ಬರುತ್ತದೆ, ಮನೆಯ ಕಾಗದದ ಕೆಲಸ ತಾನೇ ಓಡಾಡಿ ಮಾಡಿಸುತ್ತೇನೆ ಎಂದ. ನಾನು ಕಷಾಯದ ಚೀಟಿ ಕೊಟ್ಟೆ. ಬಹಳ ಹೊತ್ತು ಹಿಡಿದುಕೊಂಡಿದ್ದ.

“ಹೌದ್ರಿ ಕಾಕಾ, ಮನಿ ಕಾಗದನೇ ಅದ.”

ಆ ದನಿಯಲ್ಲಿದ್ದದ್ದು ಮೋಸವೋ, ಬರುವುದಿಲ್ಲ ಎನ್ನಲಾಗದ ನಾಚಿಕೆಯೋ? ಕಣ್ಣಿದ್ದಿದ್ದರೆ ಮುಖ ನೋಡಿ ತಿಳಿಯುತ್ತಿದ್ದೆನೇನೋ. ಆಯಿಗೆ ಕಣ್ಣು ಚೆನ್ನಾಗಿತ್ತು. ಅಂದು ನನ್ನ ಮುಖದಲ್ಲಿ ಏನು ಕಂಡಳೋ... ಕೇಳೋಣವೆಂದರೆ ಆಕೆ ಇಲ್ಲ.

ಚೀಟಿ ಮಡಚಿ ಜೇಬಿಗಿಟ್ಟುಕೊಂಡೆ. ಗೋಡೆ ಹಿಡಿದು ಒಳಗೆ ಹೋಗಿ ಅವನಿಗೆ ಮಜ್ಜಿಗೆ ತಂದುಕೊಟ್ಟೆ.