ಕಲಾಯಿಗಾರನ ಅರ್ಧ ಮಾತು

ಹತ್ತನೇ ತರಗತಿ ಓದಿದ ನಾನು ಮುಳಬಾಗಿಲಿನಿಂದ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ನನ್ನ ಗೆಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು. ಬೆಳಿಗ್ಗೆ ಅವನ ಅಂಗಡಿಯಲ್ಲಿ ನನ್ನ ಕನ್ನಡ ಪತ್ರಿಕೆ, ಅವನ ಉರ್ದು ಪತ್ರಿಕೆ, ಗಡಿಯಾಚೆಯಿಂದ ಬಸ್ಸಿನಲ್ಲಿ ಬರುವ ತೆಲುಗು ಪತ್ರಿಕೆ, ಮೂರನ್ನೂ ಹರಡಿಕೊಂಡು ಕೂರುತ್ತಿದ್ದೆವು. ದೂರದ ಎರಡು ದೇಶಗಳ ನಡುವೆ ಯುದ್ಧ ನಡೆದಿತ್ತು. ಒಂದು ಪತ್ರಿಕೆಯಲ್ಲಿ ಜಗತ್ತೆಲ್ಲ ಈ ದೇಶದ ಕಡೆ, ಇನ್ನೊಂದರಲ್ಲಿ ಆ ದೇಶದ ಕಡೆ, ಮೂರನೆಯದರಲ್ಲಿ ಜಗತ್ತಿಗೆ ಅದರ ಗೊಡವೆಯೇ ಇಲ್ಲ. ಅವನ ಅಳಿಯ ಕೊಲ್ಲಿ ದೇಶದಿಂದ ಮೊಬೈಲಿಗೆ ಕಳಿಸುತ್ತಿದ್ದ ಪತ್ರಿಕೆಯಲ್ಲಿ ಬೇರೆಯೇ ಜಗತ್ತು.

“ಲೇ, ಇಷ್ಟೊಂದು ಪ್ರಪಂಚ ಐತೆ, ನಮ್ಮನ್ನ ಯಾವನೂ ಕೇಳಿಲ್ವಲ್ಲೋ,” ಎಂದು ಅವನು ನಗುತ್ತಿದ್ದ.

ಒಂದು ದಿನ ಕೇಳಿದರು. ಯುದ್ಧದ ಬಗ್ಗೆ ಜಿಲ್ಲೆಯ ಹತ್ತು ಜನರ ಅಭಿಪ್ರಾಯ ಸಂಜೆಯೊಳಗೆ ಬೇಕೆಂದು ಕಚೇರಿಯಿಂದ ಫೋನ್ ಬಂತು. ಊರೂರು ಸುತ್ತಲು ನನಗೆ ಮೈಗಳ್ಳತನ. ಟೇಕಲ್ಲಿನ ರೈತ, ಶ್ರೀನಿವಾಸಪುರದ ಮಾವಿನ ವ್ಯಾಪಾರಿ, ಕೋಲಾರದ ಶಿಕ್ಷಕಿ, ಹೀಗೆ ಒಂಬತ್ತು ಜನರನ್ನು ಅವನ ಅಂಗಡಿಯ ಬೆಂಚಿನ ಮೇಲೆ ಕೂತು ನಾನೇ ಹುಟ್ಟಿಸಿದೆ. ನಿಜವಾಗಿ ಕೇಳಿದ್ದು ಅವನೊಬ್ಬನನ್ನು.

“ಆ ಕಡೆಯವರ ಕೋಪ ನ್ಯಾಯಾನೇ ಕಣೋ. ಆದ್ರೆ ಕೂಸುಗಳನ್ನ ಯಾರ್ ಕೊಂದ್ರೂ ತಪ್ಪೇ,” ಎಂದ, ಪಾತ್ರೆ ಉಜ್ಜುತ್ತಲೇ.

ನನ್ನ ಒಂಬತ್ತು ಜನರೂ ಈ ಕಡೆ ಇದ್ದರು. ಆ ಕಡೆಗೆ ಒಬ್ಬ ಬೇಕಿತ್ತು. ಅವನ ಮೊದಲ ಮಾತನ್ನಷ್ಟೇ ಉಳಿಸಿ ಫೋಟೋ ಜೊತೆ ಕಳಿಸಿದೆ.

ಊರಿನವರೂ ಈ ಕಡೆಯವರೇ; ಅಚ್ಚಾದ ಮೇಲೆ ಅವನ ಅಂಗಡಿಗೆ ಪಾತ್ರೆ ಬರುವುದು ನಿಂತಿತು. ಮದುವೆಗೆಂದು ಹಂಡೆ ಕೊಟ್ಟಿದ್ದವರು ಕಲಾಯಿಯಾಗುವ ಮೊದಲೇ ವಾಪಸ್ಸು ಒಯ್ದರು. ಅಳಿಯ ಕಳಿಸಿದ ಪತ್ರಿಕೆಯಲ್ಲೂ ಅದೇ ಫೋಟೋ, ಭಾರತದ ಸಣ್ಣ ಊರುಗಳೂ ಆ ಕಡೆಗಿವೆ ಎಂಬ ಸುದ್ದಿಯೊಂದಿಗೆ. ಅವನು ಬೈಯಲಿಲ್ಲ. ಮೊಬೈಲನ್ನು ನನ್ನ ಮುಂದೆ ಹಿಡಿದ.

“ಉಳಿದರ್ಧ ಎಲ್ಲಿ ಬಂದೈತೆ, ಹುಡುಕ್ಕೊಡು.”

ತಿದ್ದುಪಡಿ ಬರೆಯುತ್ತೇನೆಂದು ಮಾತು ಕೊಟ್ಟೆ. ಆಗ ಬರೆಯಲಿಲ್ಲ. ಬರೆದರೆ ಕಚೇರಿಯವರು ಎಲ್ಲರನ್ನೂ ವಿಚಾರಿಸಿ, ಉಳಿದ ಒಂಬತ್ತು ಜನ ಎಲ್ಲೂ ಇಲ್ಲವೆಂಬುದು ಹೊರಬೀಳುತ್ತಿತ್ತು.

ಅವನು ಅಂಗಡಿ ಮುಚ್ಚಿ, ನರಸಾಪುರದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯಲು ಸೇರಿದ. ಹೋದ ತಿಂಗಳು ಅಲ್ಲಿಗೆ ಹೋಗಿ, ಕಂಪನಿ ಬಸ್ಸಿಗೆ ಕಾಯುತ್ತಿದ್ದ ಅವನ ಮುಂದೆ ನಿಂತು ತಪ್ಪಾಯಿತೆಂದೆ.

“ಬರ್ಕೊಳ್ಳೋಕೆ ಬಂದ್ರಾ ಸಾರ್? ನಾನೇನೂ ಹೇಳಲ್ಲ.”

ಬಸ್ಸು ಬಂತು, ಹತ್ತಿದ. ಅವನ ಎರಡೂ ಮಾತು ಬರೆದ ಹಾಳೆ ನನ್ನ ಜೇಬಿನಲ್ಲೇ ಇತ್ತು. ಅದರ ಪ್ರತಿಯನ್ನು ತಿದ್ದುಪಡಿಯೆಂದು ಹಿಂದಿನ ವಾರವಷ್ಟೇ ಪತ್ರಿಕೆಗೆ ಕಳಿಸಿದ್ದೆ. ಆ ಯುದ್ಧ ಹಳೆಯದಾಯಿತು, ಬೇಡ ಎಂದಿದ್ದರು.